ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಮತ್ತು ಕ್ರೀಡೆ

ಕೃಷ್ಣಾ ತುಂಗಭದ್ರೆಯರ ನಡುವಣ ರಾಯಚೂರು ದೋಆಬಿನಲ್ಲಿ, ಜೇವರ್ಗಿಯಿಂದ ಚಾಮರಾಜನಗರದತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ, ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ತಾಲ್ಲೂಕು ಕೇಂದ್ರಗಳು ಒಂದರ ಬಳಿಕ ಒಂದರಂತೆ ಎದುರಾಗುತ್ತವೆ. ಈ ಮೂರು ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣವು ನಡೆದುಬಂದ ಬಗೆಯೂ, ಅದರ ಅತ್ಯಂತ ಪ್ರಕಟರೂಪವಾದ ವಾರ್ಷಿಕ ಕ್ರೀಡಾಕೂಟದ ಸ್ವರೂಪವೂ ಪ್ರಸ್ತುತ ಲೇಖನದ ವಸ್ತು. ದೈಹಿಕ ಶಿಕ್ಷಣವೆಂಬುದು ಶಾಲೆಯ ಹೊಸ್ತಿಲು ದಾಟಿದ ಪ್ರತಿಯೊಂದು ಮಗುವಿಗೂ, ಗಟ್ಟಿಮುಟ್ಟಾದ ಮಗುವಿಗೆ ಹೇಗೋ ಬಡಕಲು ಮಗುವಿಗೂ ಕಾಲು ಊನವಾದ ಮಗುವಿಗೂ ಹಾಗೆಯೇ, ಸಲ್ಲಬೇಕಾದ ಪಾಠ. ಕ್ರೀಡಾಸ್ಪರ್ಧೆಯಾದರೋ ಅವರೊಳಗಿಂದ ಆಯ್ದ ಕೆಲವರ ಸಾಮರ್ಥ್ಯದ ಪರೀಕ್ಷೆ. ಈ ಸೀಮೆಯ ಶಾಲೆಗಳಲ್ಲಿ ಎರಡನೆಯದು ಮೊದಲನೆಯದನ್ನು ಕ್ರಮಕ್ರಮವಾಗಿ ನುಂಗಿಕೊಂಡು ಬಂದಿದೆ. ಇದಕ್ಕೆ ಮಕ್ಕಳ ನಿರುತ್ಸಾಹವನ್ನು ಕಾರಣವೆಂದು ಹೇಳುವವರು ಇಲ್ಲಿಯ ಊರುಗಳನ್ನು ಸಂಜೆಯ ಹೊತ್ತಿನಲ್ಲಿ ಕಂಡವರಲ್ಲ. ಕಾರಣಗಳನ್ನು ನೆಲದಲ್ಲಿ, ಋತುಮಾನದಲ್ಲಿ, ಮಾಸ್ತರರ ಕೊರತೆಯಲ್ಲಿ ಹುಡುಕಬೇಕಾಗುತ್ತದೆ.

ಶಾಲೆ ಬರುವುದಕ್ಕೆ ಬಹುಪೂರ್ವದಿಂದಲೇ ಶರೀರದ ಸಾಧನೆಗೆ ಇಲ್ಲಿ ತನ್ನದೇ ಆದ ಏರ್ಪಾಡುಗಳಿದ್ದವು. ಊರೂರಿನ ಗರಡಿಮನೆ, ಕೆಮ್ಮಣ್ಣಿನ ಅಖಾಡ, ಹನುಮಂತದೇವರ ಗುಡಿಯ ಮುಂದೆ ಬಿದ್ದಿರುವ ಎತ್ತುವ ಗುಂಡುಕಲ್ಲು, ಜಾತ್ರೆಯ ಕಡೆಯ ದಿನದ ಜಂಗಿ ಕುಸ್ತಿ, ಇವು ಬೇಸಾಯದ ಬದುಕಿನೊಡನೆ ಹೆಣೆದುಕೊಂಡ ಸಂಸ್ಥೆಗಳೇ ಸರಿ. ಮುಂಗಾರಿನ ಆರಂಭಕ್ಕೆ ಬರುವ ಕಾರಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ ಓಡಿಸುವುದು, ಭಾರವಾದ ಕಲ್ಲನ್ನು ಎಳೆಯಿಸುವುದು, ಹರೆಯದವರು ಉಸುಕಿನ ಚೀಲವನ್ನು ಹೆಗಲಿಗೇರಿಸಿ ತಮ್ಮ ಬಲವನ್ನು ಮೆರೆಯುವುದು ಇಂದಿಗೂ ನಡೆದಿದೆ. ಜಿಲ್ಲಾಕೇಂದ್ರವಾದ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಇದೇ ಹುಣ್ಣಿಮೆಗೆ ಏರ್ಪಡಿಸುವ ಮುಂಗಾರು ಹಬ್ಬಕ್ಕೆ ನೆರೆಯ ರಾಜ್ಯಗಳ ಎತ್ತುಗಳೂ ಬರುತ್ತವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಮೊಹರಮ್ಮಿಗೆ ಹೆಸರಾದ ಊರು. ಅಲಾಯಿ ಕುಣಿಯ ಸುತ್ತ ಹಲಗೆಯ ಗತ್ತಿಗೆ ಹೊತ್ತುಗಟ್ಟಲೆ ಹೆಜ್ಜೆ ಹಾಕುವ ಹುಡುಗನ ಕಾಲಿಗೆ ಲಯವನ್ನು ಪ್ರತ್ಯೇಕವಾಗಿ ಕಲಿಸಬೇಕಾದ ಅಗತ್ಯ ಯಾವ ಡ್ರಿಲ್ ಮಾಸ್ತರರಿಗೂ ಬಿದ್ದಿರಲಾರದು. ಇವುಗಳ ಜೊತೆಗೆ ಚಿಣಿದಾಂಡು, ಲಗೋರಿ, ಬುಗುರಿ, ಹುಡುಗಿಯರ ಕುಂಟಾಟ ಮತ್ತು ಆಣೆಕಲ್ಲುಗಳನ್ನು ಸೇರಿಸಿದರೆ, ಮಗುವಿನ ಕೈಕಾಲು ಕಣ್ಣುಗಳಿಗೆ ಬೇಕಾದ ಬಹುಪಾಲು ಶಿಕ್ಷಣ ಬೀದಿಯಲ್ಲಿಯೇ ದೊರಕುತ್ತಿತ್ತೆಂದು ಒಪ್ಪಬೇಕಾಗುತ್ತದೆ.

ಆಧುನಿಕ ಅರ್ಥದ ಶಾಲಾ ವ್ಯಾಯಾಮವು ಈ ನಾಡಿಗೆ ಬಂದುದು ತಡವಾಗಿ. ಆಂಗ್ಲರ ಆಳ್ವಿಕೆಯ ಪ್ರಾಂತಗಳಲ್ಲಿ 1882ರ ಹಂಟರ್ ಆಯೋಗವು ದೇಶೀಯ ಆಟಗಳನ್ನೂ ಕವಾಯತನ್ನೂ ಶಾಲೆಗಳಲ್ಲಿ ಪ್ರೋತ್ಸಾಹಿಸಬೇಕೆಂದು ಹೇಳಿತ್ತು; 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬಾತ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ ದಕ್ಷಿಣದಲ್ಲಿ ತರಬೇತಾದ ವ್ಯಾಯಾಮ ಶಿಕ್ಷಕರೆಂಬ ಒಂದು ವರ್ಗವೇ ಉದಯಿಸಿತು. ದೋಆಬಾದರೋ ಹೈದರಾಬಾದಿನ ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. 1853ರಿಂದ 1860ರವರೆಗೆ ಮಾತ್ರ ಅದು ಆಂಗ್ಲರ ವಶದಲ್ಲಿತ್ತು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿಯಾಗಿದ್ದು, 1905ರಲ್ಲಿ ರಾಯಚೂರಿನೊಡನೆ ವಿಲೀನವಾಗುವವರೆಗೆ ಪ್ರತ್ಯೇಕ ಜಿಲ್ಲೆಯ ಕೇಂದ್ರವೂ ಆಗಿತ್ತು. ಸೈನಿಕರ ಕವಾಯತನ್ನು ಕಣ್ಣಾರೆ ಕಂಡ ಊರಾದರೂ ಹಳ್ಳಿಯ ಮಗುವಿಗೆ ಅದು ನೋಟವಾಗಿಯೇ ಉಳಿಯಿತೇ ಹೊರತು ಪಾಠವಾಗಲಿಲ್ಲ, ಏಕೆಂದರೆ ಶಾಲೆಗಳೇ ವಿರಳವಾಗಿದ್ದವು. ಇದ್ದವುಗಳಲ್ಲಿಯೂ ಮೇಲಿನ ತರಗತಿಗಳ ಬೋಧನೆ ಉರ್ದುವಿನಲ್ಲಿ ನಡೆಯುತ್ತಿದ್ದು, ಕನ್ನಡದ ಮಕ್ಕಳಲ್ಲಿ ಬಹುಮಂದಿ ಆ ಮೆಟ್ಟಿಲನ್ನು ಏರುತ್ತಲೇ ಇರಲಿಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಸ್ಥಾಪಿಸಿದ ಹಮ್‌ದರ್ದ್ ಶಾಲೆಯಂಥ ರಾಷ್ಟ್ರೀಯ ಮನೋಧರ್ಮದ ಸಂಸ್ಥೆಗಳು ಬೆರಳೆಣಿಕೆಗೆ ಸಿಗುವಷ್ಟೇ ಇದ್ದವು. ಅಲ್ಲದೆ ಖಾಸಗಿ ಶಾಲೆಗಳ ಮೇಲೂ ವ್ಯಾಯಾಮಶಾಲೆಗಳ ಮೇಲೂ ಸಂಸ್ಥಾನದ ಸರ್ಕಾರ ನಿರ್ಬಂಧಗಳನ್ನು ಹೇರಿತ್ತು. 1938-39ರಲ್ಲಿ ಆರ್ಯಸಮಾಜದವರು ಹೈದರಾಬಾದಿನಲ್ಲಿ ಹೂಡಿದ ಸತ್ಯಾಗ್ರಹದ ಅಹವಾಲುಗಳಲ್ಲಿ ಅಖಾಡಗಳಿಗೆ ಸಂಬಂಧಿಸಿದ್ದೂ ಒಂದು. ಹತ್ತು ಜನ ತರುಣರು ಒಂದೆಡೆ ಸೇರಿ ದಂಡ ಬಸ್ಕಿ ಹೊಡೆಯುವುದನ್ನೇ ರಾಜಕೀಯವೆಂದು ಶಂಕಿಸಿದ ಆಳ್ವಿಕೆಯಲ್ಲಿ ವ್ಯಾಯಾಮ ಶಿಕ್ಷಣವು ಪ್ರವರ್ಧಮಾನಕ್ಕೆ ಬರುವುದೆಂದು ನಿರೀಕ್ಷಿಸಲಾಗದು.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ಭಾರತದ ಆಡಳಿತಕ್ಕೆ ಒಳಪಟ್ಟು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿದಾಗ, ದೈಹಿಕ ಶಿಕ್ಷಣಕ್ಕೆ ರಾಷ್ಟ್ರಮಟ್ಟದಲ್ಲಿ ಒಂದು ಚೌಕಟ್ಟು ಆಗತಾನೆ ಸಿದ್ಧವಾಗುತ್ತಿತ್ತು. 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟವು ಜನಿಸಿತು. 1956ರಲ್ಲಿ ದೈಹಿಕ ಶಿಕ್ಷಣದ ರಾಷ್ಟ್ರೀಯ ಯೋಜನೆ ಪ್ರಕಟವಾಯಿತು. 1964-66ರ ಕೊಠಾರಿ ಆಯೋಗವು ದೈಹಿಕ ಶಿಕ್ಷಣವು ಕೇವಲ ಮೈಕಟ್ಟಿನ ಮಾತಲ್ಲ, ಮನಸ್ಸಿನ ಮತ್ತು ಶೀಲದ ರಚನೆಗೂ ಸಂಬಂಧಿಸಿದ್ದು ಎಂದು ಪ್ರತಿಪಾದಿಸಿತು. ತರುವಾಯದ ಪಠ್ಯಕ್ರಮಗಳೂ ನೀತಿಗಳೂ ಇದನ್ನೇ ಬೇರೆ ಬೇರೆ ಪದಗಳಲ್ಲಿ ಹೇಳಿವೆ; ಅವನ್ನೆಲ್ಲ ಇಲ್ಲಿ ಎಣಿಸುವುದರಿಂದ ಓದುಗರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಮೈಸೂರು ಸೀಮೆಯ ಶಾಲೆಗಳಲ್ಲಿ ಆಟದ ಬಯಲೂ ವ್ಯಾಯಾಮದ ಮೇಷ್ಟರೂ ಅದಾಗಲೇ ರೂಢಿಯ ಸಂಗತಿಗಳಾಗಿದ್ದಾಗ, ದೋಆಬಿನ ಹಳ್ಳಿಗಳಲ್ಲಿ ಶಾಲೆಯ ಕಟ್ಟಡವನ್ನೇ ಮೊದಲಿನಿಂದ ಎಬ್ಬಿಸಬೇಕಾಗಿತ್ತು ಎಂಬ ಅಂತರವನ್ನು ಮಾತ್ರ ನೆನಪಿನಲ್ಲಿಡಬೇಕು. ಆ ಅಂತರವನ್ನು ಮನಗಂಡೇ 2012ರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿ, ಈ ಪ್ರದೇಶಕ್ಕೆ ವಿಶೇಷ ಅಭಿವೃದ್ಧಿ ಮಂಡಳಿಯನ್ನೂ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿಯನ್ನೂ ಕಲ್ಪಿಸಲಾಯಿತು.

ಈಗ ಮಾಸ್ತರರ ವಿಚಾರ. ಇಲಾಖೆಯ ಕಾಗದಪತ್ರಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರೆಂದೂ, ಮಕ್ಕಳ ಬಾಯಲ್ಲಿ ಪಿ.ಟಿ. ಸರ್ ಎಂದೂ, ಹಿರಿಯರ ಮಾತಿನಲ್ಲಿ ಡ್ರಿಲ್ ಮಾಸ್ತರರೆಂದೂ ಕರೆಯಿಸಿಕೊಳ್ಳುವ ಈ ವ್ಯಕ್ತಿ ಸಿ.ಪಿ.ಎಡ್. ಅಥವಾ ಬಿ.ಪಿ.ಎಡ್. ತರಬೇತಿ ಪಡೆದು ಬಂದವನು. ಒಂದರಿಂದ ಐದನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಂಥ ಹುದ್ದೆಯೇ ಇಲ್ಲ; ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯನ್ನು ನೋಡಿ ಹುದ್ದೆ ಕೊಡುತ್ತಾರೆ; ಪ್ರೌಢಶಾಲೆಗಳಲ್ಲಿ ಹುದ್ದೆ ಇದ್ದರೂ ಅದು ತುಂಬಿದೆಯೆಂದು ಭರವಸೆಯಿಂದ ಹೇಳಲು ಬರುವುದಿಲ್ಲ. ಮಗುವಿನ ಮೂಳೆ, ಕೀಲು, ಸಮತೋಲನಗಳು ರೂಪುಗೊಳ್ಳುವ ಆರರಿಂದ ಹತ್ತು ವರ್ಷಗಳ ಪ್ರಾಯದಲ್ಲಿ ತರಬೇತಾದ ಶಿಕ್ಷಕನಿಲ್ಲದೆ, ಚಲನೆಯ ರೂಢಿಗಳೆಲ್ಲ ಗಟ್ಟಿಯಾಗಿ ಹೋದ ಹದಿನಾಲ್ಕರ ಪ್ರಾಯಕ್ಕೆ ಆತ ದೊರೆಯುವನೆಂಬುದು ಈ ವ್ಯವಸ್ಥೆಯ ಅತ್ಯಂತ ವಿಪರೀತವಾದ ಅಂಶವೆಂದು ಈ ಲೇಖಕನ ಅಭಿಪ್ರಾಯ. ಗಣಿತವನ್ನು ಎಂಟನೆಯ ತರಗತಿಯಿಂದ ಆರಂಭಿಸೋಣವೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವಷ್ಟೆ.

ಇದ್ದ ಒಬ್ಬ ಮಾಸ್ತರನ ದಿನಚರಿಯನ್ನು ಸ್ವಲ್ಪ ಸಮೀಪದಿಂದ ನೋಡುವುದು ಉಚಿತ. ಬೆಳಗಿನ ಪ್ರಾರ್ಥನೆಗೆ ಸಾಲು ಹಚ್ಚಿಸುವುದು ಅವನ ಸೀಟಿ. ಕ್ಷೀರಭಾಗ್ಯದ ಹಾಲಿಗೆ ಲೋಟ ಹಿಡಿದು ನಿಂತ ಮಕ್ಕಳ ನೂಕುನುಗ್ಗಲನ್ನು ತಡೆಯುವವನು ಅವನು. ಮಧ್ಯಾಹ್ನದ ಊಟದ ಪಂಕ್ತಿಯ ಉಸ್ತುವಾರಿ ಅವನದು. ರಜೆಯ ಮೇಲೆ ಹೋದ ಶಿಕ್ಷಕರ ತರಗತಿಯಲ್ಲಿ ಗದ್ದಲವಾಗದಂತೆ ಕುಳಿತಿರಬೇಕಾದವನೂ ಅವನೇ. ವೇಳಾಪಟ್ಟಿಯಲ್ಲಿ ಆಟದ ಅವಧಿಯು ಬಹುಮಟ್ಟಿಗೆ ದಿನದ ಕೊನೆಯಲ್ಲಿ ಬರುವುದರಿಂದ, ಮುಗಿಯದ ಪಾಠವುಳ್ಳ ಸಹೋದ್ಯೋಗಿಗಳು ಆ ಅವಧಿಯನ್ನು ಕೈಗಡ ಕೇಳುವುದೂ, ಮಾರ್ಚಿಯ ಪರೀಕ್ಷೆ ಹತ್ತಿರವಾದಂತೆಲ್ಲ ಆ ಕೈಗಡವು ಮರಳಿ ಬಾರದಿರುವುದೂ ಎಲ್ಲರೂ ಬಲ್ಲ ಸಂಗತಿ. ಹತ್ತನೆಯ ತರಗತಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಒಂದು ಅಂಕವೂ ಇಲ್ಲ. ಅದಕ್ಕೆ ಪಠ್ಯಪುಸ್ತಕವುಂಟು, ಶ್ರೇಣಿಯುಂಟು, ಆದರೆ ಫಲಿತಾಂಶದ ಶೇಕಡಾವಾರಿನಿಂದ ಶಾಲೆಯ ಮರ್ಯಾದೆಯನ್ನು ಅಳೆಯುವ ಜಿಲ್ಲೆಯಲ್ಲಿ ಶ್ರೇಣಿಯನ್ನು ನೋಡುವವರಾರು? ತಮ್ಮನ್ನು ಇತರ ಸಹಶಿಕ್ಷಕರಿಗೆ ಸಮಾನವೆಂದು ಪರಿಗಣಿಸಿ ಬಡ್ತಿಯ ದಾರಿಯನ್ನು ತೆರೆಯಬೇಕೆಂಬುದು ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರ ಹಳೆಯ ಬೇಡಿಕೆ. ದೈಹಿಕ ಶಿಕ್ಷಣವನ್ನು ಕುರಿತ ಪ್ರೊ. ಎಲ್. ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತರಬೇಕೆಂದು ಅವರು ಮೇಲಿಂದ ಮೇಲೆ ಒತ್ತಾಯಿಸಿದ್ದಾರೆ. ಕ್ರೀಡಾಕೂಟಗಳ ಸಂಘಟನೆಯಿಂದ ದೂರ ಉಳಿಯುವುದಾಗಿ ಎಚ್ಚರಿಸಿದ್ದೂ ಉಂಟು. ಅವರ ಎಚ್ಚರಿಕೆಯು ಕ್ರೀಡಾಕೂಟವನ್ನು ಕುರಿತದ್ದಾಗಿತ್ತೇ ಹೊರತು ದೈನಂದಿನ ಪಾಠವನ್ನು ಕುರಿತದ್ದಲ್ಲ ಎಂಬುದನ್ನು ಗಮನಿಸಬೇಕು. ಸರ್ಕಾರದ ಕಿವಿಗೆ ಬೀಳುವುದು ಯಾವುದೆಂಬುದನ್ನು ಅವರೂ ಬಲ್ಲರು.

ಆಟದ ಬಯಲಿನ ಪ್ರಶ್ನೆಯನ್ನು ಲೆಕ್ಕವಿಲ್ಲದೆ ಚರ್ಚಿಸಲಾಗದು. ನಿಯಮಬದ್ಧವಾದ 400 ಮೀ. ಓಟದ ಪಥಕ್ಕೆ ಸುಮಾರು 177 ಮೀ. ಉದ್ದ, 93 ಮೀ. ಅಗಲದ ನೆಲ, ಅರ್ಥಾತ್ ನಾಲ್ಕು ಎಕರೆ, ಬೇಕು. ಇದು ಹಳ್ಳಿಯ ಶಾಲೆಗೆ ಕನಸಿನ ಮಾತಾದುದರಿಂದ ಮಾಸ್ತರರು 200 ಮೀ. ಪಥವನ್ನು ಹಾಕುತ್ತಾರೆ. ಅದನ್ನು ಹಾಕುವ ಕ್ರಮ ನೋಡತಕ್ಕದ್ದು. ಬಯಲಿನ ನಡುವೆ 40 ಮೀ. ಅಂತರದಲ್ಲಿ ಎರಡು ಗೂಟಗಳನ್ನು ನೆಟ್ಟು, ಎರಡೂ ನೇರ ಬದಿಗಳಿಗೆ ಕೂಡಿ 80 ಮೀ. ಕಳೆದರೆ ಎರಡು ತಿರುವುಗಳಿಗೆ 120 ಮೀ. ಉಳಿಯುತ್ತದೆ, ಅದರ ತ್ರಿಜ್ಯ 19.10 ಮೀ.; ಓಟಗಾರನು ಒಳಗೆರೆಯಿಂದ 30 ಸೆಂ.ಮೀ. ಆಚೆಗೆ ಓಡುವನೆಂಬ ಲೆಕ್ಕದಿಂದ ಅಷ್ಟನ್ನು ಕಳೆದು 18.80 ಮೀ. ಹಗ್ಗವನ್ನು ಗೂಟಕ್ಕೆ ಕಟ್ಟಿ, ಅದರ ತುದಿಯ ಮೊಳೆಯಿಂದ ನೆಲವನ್ನು ಗೀರುತ್ತ ಅರ್ಧವೃತ್ತ ಸುತ್ತಬೇಕು. ಹಿಂದಿನಿಂದ ಇಬ್ಬರು ಹುಡುಗರು ಆ ಗೀರಿನ ಮೇಲೆ ಸುಣ್ಣದ ಪುಡಿಯನ್ನು, ಸುಣ್ಣ ತೀರಿದರೆ ಬೂದಿಯನ್ನು, ಡಬ್ಬಿಯಿಂದ ಸುರಿಯುತ್ತ ಬರುತ್ತಾರೆ. ಒಂದೊಂದು ಲೇನಿಗೆ 1.22 ಮೀ. ಅಗಲವಿದ್ದರೆ, ಒಂದು ಪೂರ್ಣ ಸುತ್ತಿನ ಓಟದಲ್ಲಿ ಎರಡನೆಯ ಲೇನಿನವನನ್ನು 7.04 ಮೀ. ಮುಂದೆಯೂ, ಅಲ್ಲಿಂದಾಚೆಗೆ ಪ್ರತಿಯೊಬ್ಬನನ್ನು ಇನ್ನೂ 7.67 ಮೀ. ಮುಂದೆಯೂ ನಿಲ್ಲಿಸಬೇಕು, ಪಥದ ಅಳತೆ ಹಿರಿದಾದರೂ ಕಿರಿದಾದರೂ ಈ ಅಂಕಿಗಳು ಮಾತ್ರ ಬದಲಾಗುವುದಿಲ್ಲ. ತರಗತಿಯಲ್ಲಿ ವೃತ್ತದ ಪರಿಧಿಯ ಸೂತ್ರವನ್ನು ಬಾಯಿಪಾಠ ಮಾಡಿಸುವ ಗಣಿತದ ಶಿಕ್ಷಕರು ಆ ದಿನ ಮಕ್ಕಳನ್ನು ಬಯಲಿಗೆ ಕರೆತರುವುದಿಲ್ಲವಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗ. ಆರು ಲೇನುಗಳ ಇಂಥ ಪಥಕ್ಕೂ ಸುಮಾರು 92 ಮೀ. ಉದ್ದ, 52 ಮೀ. ಅಗಲ ಬೇಕಾಗಿ, ನೆಲವು ಒಂದೂಕಾಲು ಎಕರೆಯ ಸಮೀಪಕ್ಕೆ ಬರುತ್ತದೆ.

ಇದಕ್ಕೆ ಪ್ರತಿಯಾಗಿ ಖೊಕ್ಕೊ ಅಂಕಣವು 27 ಮೀ. ಉದ್ದ, 16 ಮೀ. ಅಗಲದ್ದಾಗಿ ನಾಲ್ಕು ಗುಂಟೆಗೆ ಕೊಂಚ ಹೆಚ್ಚು; ವಾಲಿಬಾಲಿನ ಅಂಕಣ 18 ಮೀ.ಗೆ 9 ಮೀ., ಎರಡು ಗುಂಟೆಗಿಂತ ಕಡಿಮೆ; ಕಿರಿಯರ ಕಬಡ್ಡಿಗಂತೂ 11 ಮೀ.ಗೆ 8 ಮೀ. ಸಾಕಾಗಿ ಒಂದು ಗುಂಟೆಯೂ ಹಿಡಿಯುವುದಿಲ್ಲ. ಈ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಕಬಡ್ಡಿ, ಖೊಕ್ಕೊಗಳು ಏಕೆ ಪ್ರಬಲವಾಗಿವೆಯೆಂಬುದಕ್ಕೆ ದೇಶೀಯತೆಯ ಅಭಿಮಾನವೊಂದನ್ನೇ ಕಾರಣವಾಗಿ ಕೊಡುವುದು ಸರಿಯಲ್ಲ. ಅವು ಅಂಗಳದಲ್ಲಿ ಹಿಡಿಸುವ ಆಟಗಳು, ಚೆಂಡನ್ನೂ ಬಲೆಯನ್ನೂ ಬೇಡದ ಆಟಗಳು, ಬರಿಗಾಲಿಗೆ ಒಗ್ಗುವ ಆಟಗಳು. ಅಷ್ಟನ್ನು ಒಪ್ಪಿದ ಮೇಲೆ, ಅವುಗಳ ನಿಯಮಗಳನ್ನು ಪುಣೆಯ ವ್ಯಾಯಾಮ ಮಂಡಳಿಗಳವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬರೆದಿಟ್ಟರೆಂಬುದನ್ನೂ, ಕಬಡ್ಡಿಯು 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತೆಂಬುದನ್ನೂ ಸ್ಮರಿಸಬಹುದು.

ಬಯಲು ಇದ್ದ ಮಾತ್ರಕ್ಕೆ ಅದು ಶಾಲೆಯದಾಗಿ ಉಳಿಯುವುದೆಂಬ ಭರವಸೆಯೂ ಇಲ್ಲ. ಉಚಿತ ಮತ್ತು ಕಡ್ಡಾಯ ಶಿಕ್ಷಣದ 2009ರ ಕಾಯಿದೆಯ ಅನುಸೂಚಿಯು ಆಟದ ಮೈದಾನವನ್ನು ಶಾಲೆಯ ಅವಶ್ಯಾಂಗಗಳಲ್ಲಿ ಎಣಿಸಿದೆ. ಆದರೆ ಆವರಣದ ಗೋಡೆ ಇಲ್ಲದ ಬಯಲಿನಲ್ಲಿ ಸುಗ್ಗಿಯ ಕಾಲಕ್ಕೆ ಜೋಳದ ರಾಶಿ, ನೀರಾವರಿಯ ಭಾಗದಲ್ಲಿ ಒಣಹಾಕಿದ ಭತ್ತ, ಮದುವೆಯ ಕಾಲಕ್ಕೆ ಹಂದರ, ಚುನಾವಣೆಯ ಕಾಲಕ್ಕೆ ವಾಹನಗಳು ಬಂದು ನೆಲೆಸುತ್ತವೆ. ಸಂತೆ ಸೇರುವುದೂ ಉಂಟು. ಇವನ್ನೆಲ್ಲ ಅತಿಕ್ರಮಣವೆಂದು ಗದರಿಸುವುದು ಸುಲಭ. ಶಾಲೆಗೆ ಆ ಭೂಮಿಯನ್ನು ದಾನವಾಗಿ ಕೊಟ್ಟವರು ಬಹಳ ಕಡೆ ಅದೇ ಊರಿನವರೆಂಬುದನ್ನು ಮರೆಯಬಾರದು. ನಿಜವಾದ ಹಾನಿ ಒದಗುವುದು ಹೊಸ ಕೊಠಡಿಗಳಿಂದ. ಮಕ್ಕಳ ಸಂಖ್ಯೆ ಏರಿದಂತೆಲ್ಲ ಒಂದೊಂದೇ ಕೊಠಡಿ, ಅಡುಗೆಮನೆ, ಶೌಚಾಲಯ, ಅಂಗನವಾಡಿಗಳು ಬಯಲಿನ ಅಂಚಿನಿಂದಲ್ಲದೆ ನಡುವಿನಿಂದಲೇ ಎದ್ದು, ಕಡೆಗೆ ಉಳಿಯುವುದು ನಾಲ್ಕು ಮೂಲೆಗಳು ಮಾತ್ರ.

ಇನ್ನು ಮಣ್ಣು. ಸಿಂಧನೂರಿನ ಬಹುಭಾಗವೂ ಮಸ್ಕಿಯ ಹಲವು ಹಳ್ಳಿಗಳೂ ಎರೆಭೂಮಿ. ಲಿಂಗಸುಗೂರಿನಲ್ಲಿ ಎರೆಯೊಡನೆ ಮಸಾರಿಯೆಂಬ ಕೆಂಪು ಮಣ್ಣೂ ಕಲ್ಲುಗುಡ್ಡಗಳೂ ಬೆರೆತಿವೆ. ಎರೆಯು ಬೇಸಗೆಯಲ್ಲಿ ಅಂಗಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಒಂದು ಹದಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಂಡು, ನಾಲ್ಕು ಹೆಜ್ಜೆಗೆ ಎರಡು ಸೇರು ಭಾರವಾಗುತ್ತದೆ. ಮೇಲೆ ಗರಸು ಹಾಕಿ ಹದಗೊಳಿಸದ ಎರೆಯ ಬಯಲು ವರ್ಷದಲ್ಲಿ ಕೆಲವೇ ತಿಂಗಳು ಓಟಕ್ಕೆ ಯೋಗ್ಯ. ಮಾರ್ಚಿಯಿಂದ ಮೇ ತಿಂಗಳವರೆಗೆ ಉಷ್ಣತೆ 40 ಡಿಗ್ರಿಯನ್ನು ದಾಟುವ ಈ ಜಿಲ್ಲೆಯಲ್ಲಿ ಬೇಸಗೆಯ ಹಗಲು ಆಟಕ್ಕೆ ಸಲ್ಲದು. ಹೀಗೆ ಉಳಿಯುವುದು ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲ. ಅದೇ ನಿಜವಾಗಿ ಇಲ್ಲಿಯ ಆಟದ ಕಾಲ. ಆದರೆ ಇಲಾಖೆಯ ಕ್ರೀಡಾಕೂಟಗಳು ನಡೆಯುವುದು ಜುಲೈಯಿಂದ ಸೆಪ್ಟೆಂಬರಿನೊಳಗೆ, ಮಳೆಯ ನಡುವೆ. ಏಕೆಂದರೆ ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ತಂಡಗಳನ್ನು ಕಳುಹಿಸುವ ಪಂಚಾಂಗವು ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆಯೇ ಹೊರತು ಎರೆಯ ಹದವನ್ನು ಕೇಳಿಕೊಂಡು ಮೇಲಕ್ಕೆ ಹೋಗುವುದಿಲ್ಲ. ಅದೇ ತಿಂಗಳುಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಸಿಂಧನೂರಿನ ಗದ್ದೆಗಳಲ್ಲಿ ಭತ್ತದ ನಾಟಿ ಮೊದಲಾಗುತ್ತದೆ, ದೊಡ್ಡ ಮಕ್ಕಳ ಕೈಗೆ ಕೂಲಿಯ ಕರೆ ಬರುತ್ತದೆ. ಚಳಿಗಾಲ ಬಂದು ನೆಲ ಹದವಾಗುವ ಹೊತ್ತಿಗೆ ಒಣಭೂಮಿಯ ಹಳ್ಳಿಗಳಿಂದ ಸಂಸಾರಗಳು ಬೆಂಗಳೂರು, ಗೋವೆ, ಮಹಾರಾಷ್ಟ್ರಗಳತ್ತ ಗುಳೆ ಹೊರಟು, ತಂಡದ ಅರ್ಧ ಆಟಗಾರರು ಹಾಜರಿಪುಸ್ತಕದಲ್ಲಿ ಮಾತ್ರ ಉಳಿಯುತ್ತಾರೆ. ಹತ್ತಿ ಬಿಡಿಸುವ ಕಾಲವೂ ಅದೇ.

ಕ್ರೀಡಾಕೂಟದ ಏರ್ಪಾಡು ಮೆಟ್ಟಿಲುಮೆಟ್ಟಿಲಾದುದು. ವಲಯ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೂ, ಅಲ್ಲಿಂದ ರಾಯಚೂರಿನ ಜಿಲ್ಲಾ ಕೂಟಕ್ಕೂ, ಮುಂದೆ ಕಲಬುರಗಿ ವಿಭಾಗಕ್ಕೂ, ಕೊನೆಯಲ್ಲಿ ರಾಜ್ಯ ಮಟ್ಟಕ್ಕೂ ಏರುತ್ತಾರೆ. ತಾಲ್ಲೂಕಿನಲ್ಲಿ ಇದರ ಸೂತ್ರ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಣಾಧಿಕಾರಿಯ ಕೈಯಲ್ಲಿರುತ್ತದೆ. ಪ್ರಾಥಮಿಕ ಶಾಲೆಯವರಿಗೆ 14 ವರ್ಷದೊಳಗೆ, ಪ್ರೌಢಶಾಲೆಯವರಿಗೆ 17 ವರ್ಷದೊಳಗೆ ಎಂದು ವಯೋಮಿತಿ. ಸ್ಪರ್ಧೆಗಳನ್ನು ಗುಂಪು ಆಟಗಳು, ಮೇಲಾಟಗಳು ಎಂದು ಎರಡಾಗಿ ವಿಂಗಡಿಸುತ್ತಾರೆ. ಓಟ, ಜಿಗಿತ, ಎಸೆತಗಳು ಮೇಲಾಟಗಳು. ಪ್ರಥಮ, ದ್ವಿತೀಯ, ತೃತೀಯ ಸ್ಥಾನಗಳಿಗೆ 5, 3, 1 ಎಂದು ಅಂಕ ಹಾಕಿ, ಹೆಚ್ಚು ಅಂಕ ಗಳಿಸಿದ ಶಾಲೆಗೆ ಸಮಗ್ರ ವೀರಾಗ್ರಣಿಯೆಂದೂ, ಹುಡುಗ ಹುಡುಗಿಯರಲ್ಲಿ ಮೇಲಾದವರಿಗೆ ವೈಯಕ್ತಿಕ ವೀರಾಗ್ರಣಿಯೆಂದೂ ಪ್ರಶಸ್ತಿ ಕೊಡುವುದು ರೂಢಿ.

ವಲಯ ಮಟ್ಟದ ಕೂಟವನ್ನು ಹಮ್ಮಿಕೊಂಡ ಹಳ್ಳಿಗೆ ಅದು ಜಾತ್ರೆಯೇ ಆಗಿ ಪರಿಣಮಿಸುತ್ತದೆ. ಸರ್ಕಾರದ ಹಣ ಸಾಲದೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಅಧ್ಯಕ್ಷರು ದಾನಿಗಳನ್ನು ಹುಡುಕುತ್ತಾರೆ: ಒಬ್ಬರು ಶಾಮಿಯಾನ, ಒಬ್ಬರು ಪದಕ, ಒಬ್ಬರು ಊಟದ ಅಕ್ಕಿ, ನಿರೂಪಕರು ಪ್ರತಿ ಅರ್ಧಗಂಟೆಗೊಮ್ಮೆ ಧ್ವನಿವರ್ಧಕದಲ್ಲಿ ಅವರ ನಾಮಾವಳಿಯನ್ನು ಪಠಿಸಬೇಕು. ನೆರೆಹಳ್ಳಿಯ ಮಕ್ಕಳು ಟಂಟಂ ವಾಹನದಲ್ಲಿಯೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೋ ಬಂದಿಳಿದು, ಎದೆಗೆ ಅಂಕಿಯ ಚೀಟಿಯನ್ನು ಗುಂಡುಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತಾರೆ. ಗುಂಡು ಹಾರಿಸುವ ಪಿಸ್ತೂಲಿನ ಬದಲು ಸೀಟಿ. ಗುರಿಯ ಗೆರೆಯಲ್ಲಿ ಇಬ್ಬರು ಹಿಡಿದ ಉಣ್ಣೆಯ ದಾರ. ಶಾಲೆಯ ಒಂದೇ ಜೊತೆ ಮೊಳೆಬೂಟು ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಓಟದಿಂದ ಓಟಕ್ಕೆ ಬದಲಾಗುವುದನ್ನೂ, ಅಳತೆ ಕೂಡದಿದ್ದಾಗ ಹುಡುಗ ಅದನ್ನು ಬದಿಗಿಟ್ಟು ಬರಿಗಾಲಿನಲ್ಲೇ ಓಡಿ ಗೆಲ್ಲುವುದನ್ನೂ ಅಲ್ಲಿ ಕಾಣಬಹುದು. ತೀರ್ಪುಗಾರರು ಸ್ಪರ್ಧಿಸುವ ಶಾಲೆಗಳ ಮಾಸ್ತರರೇ ಆದುದರಿಂದ ತಕರಾರು ತಪ್ಪದು. ತಕರಾರುಗಳಲ್ಲಿ ಹಿರಿದಾದುದು ವಯಸ್ಸಿನದು. ಹೆಸರು ಹಚ್ಚುವಾಗ ಜನ್ಮದಿನ ತಿಳಿಯದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಬಿಡುವ ಹಳೆಯ ಪದ್ಧತಿಯಿಂದಾಗಿ, ಮೀಸೆ ಚಿಗುರಿದ ಹುಡುಗನೂ ಕಾಗದದಲ್ಲಿ ಹದಿಮೂರರವನಾಗಿರುವುದುಂಟು, ನಿಜವಾಗಿ ಹದಿಮೂರರವನು ಕಾಗದದಲ್ಲಿ ಹದಿನೈದರವನಾಗಿ ಹೊರಗುಳಿಯುವುದೂ ಉಂಟು.

ಇಷ್ಟು ಸಂಭ್ರಮದ ಏರ್ಪಾಡನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಹಳ್ಳಿಯ ಮಗುವೊಂದು ಮೊದಲ ಬಾರಿಗೆ ಜಿಲ್ಲಾಕೇಂದ್ರವನ್ನು, ಅಲ್ಲಿಯ ಮಹಾತ್ಮ ಗಾಂಧಿ ಕ್ರೀಡಾಂಗಣವನ್ನು ಕಾಣುವುದು ಬಹುಶಃ ಈ ಕೂಟದ ದೆಸೆಯಿಂದಲೇ. ಆದರೆ ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಮಾಸ್ತರನು ಇಡೀ ಶಾಲೆಯೊಳಗಿಂದ ಓಡಬಲ್ಲ, ಜಿಗಿಯಬಲ್ಲ ಇಪ್ಪತ್ತು ಮೂವತ್ತು ಮಕ್ಕಳನ್ನು ಹೆಕ್ಕಿ, ಸೆಪ್ಟೆಂಬರಿನವರೆಗೆ ಅವರೊಡನೆಯೇ ಇದ್ದು, ಕೂಟ ಮುಗಿದ ಬಳಿಕ ವರ್ಷದ ಕೆಲಸವೇ ಮುಗಿಯಿತೆಂದು ಭಾವಿಸುವಂತಾದಾಗ, ಮಿಕ್ಕ ಮಕ್ಕಳ ಪಾಲಿಗೆ ದೈಹಿಕ ಶಿಕ್ಷಣವು ಚಪ್ಪಾಳೆ ತಟ್ಟುವ ಕೆಲಸವಾಗಿ ಉಳಿಯುತ್ತದೆ. ಹಿಂದಿನ ತಲೆಮಾರಿನ ಡ್ರಿಲ್ಲು, ಲೇಜಿಮ್ಮು, ಡಂಬೆಲ್ಸುಗಳು ಎಷ್ಟೇ ಯಾಂತ್ರಿಕವಾಗಿದ್ದರೂ ಸಾಲಿನಲ್ಲಿ ನಿಂತ ಕೊನೆಯ ಮಗುವಿನ ಕೈಯನ್ನೂ ಮೇಲಕ್ಕೆತ್ತಿಸುತ್ತಿದ್ದವು. ಈಗ ಅವು ಜೀವಿಸಿರುವುದು ಆಗಸ್ಟ್ 15, ಜನವರಿ 26, ಮತ್ತು ಈ ಪ್ರದೇಶಕ್ಕೇ ವಿಶಿಷ್ಟವಾದ ಸೆಪ್ಟೆಂಬರ್ 17ರ ಧ್ವಜಾರೋಹಣಗಳ ಪಥಸಂಚಲನದಲ್ಲಿ ಮಾತ್ರ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ಥಿತಿಯು ಮಿಶ್ರವಾದುದು. ಏಳನೆಯ ತರಗತಿಯವರೆಗೆ ಖೊಕ್ಕೊ, ಥ್ರೋಬಾಲ್, ಓಟಗಳಲ್ಲಿ ಹುಡುಗರಿಗೆ ಯಾವುದರಲ್ಲೂ ಕಡಿಮೆಯಲ್ಲದ ಹುಡುಗಿಯರು ಪ್ರೌಢಶಾಲೆಗೆ ಬಂದೊಡನೆ ಒಬ್ಬೊಬ್ಬರಾಗಿ ಅಂಕಣದಿಂದ ಮರೆಯಾಗುತ್ತಾರೆ. ಮೈನೆರೆದ ಮಗಳು ಊರ ಗಂಡಸರ ಮುಂದೆ ಓಡುವುದನ್ನು ಒಪ್ಪದ ಮನೆಯವರು, ಬೇಗನೆ ಮದುವೆ ನಿಶ್ಚಯಿಸುವ ಪದ್ಧತಿ, ಬಟ್ಟೆ ಬದಲಿಸಲು ಕೋಣೆಯಿಲ್ಲದ ಕ್ರೀಡಾಂಗಣ, ಜೊತೆಗೆ ಹೋಗಲು ಶಿಕ್ಷಕಿಯಿಲ್ಲದ ಶಾಲೆ, ಇವೆಲ್ಲ ಕೂಡಿ ಆಗುವ ಪರಿಣಾಮವಿದು. ದೈಹಿಕ ಶಿಕ್ಷಣ ಶಿಕ್ಷಕಿಯರ ಸಂಖ್ಯೆ ಅತ್ಯಲ್ಪ. ಹೊರ ಊರಿನ ಸ್ಪರ್ಧೆಗೆ ಮಗಳನ್ನು ಕಳುಹಿಸಬೇಕೆಂದರೆ, ಮನೆಯವರ ಮೊದಲ ಪ್ರಶ್ನೆ “ಟೀಚರಮ್ಮ ಬರ್ತಾರೇನ್ರಿ?” ಎಂಬುದೇ. 2006-07ರಿಂದ ಎಂಟನೆಯ ತರಗತಿಯವರಿಗೆ ಸರ್ಕಾರ ಹಂಚಿದ ಸೈಕಲ್ಲುಗಳು ಹೆಣ್ಣುಮಕ್ಕಳನ್ನು ನೆರೆಯೂರಿನ ಪ್ರೌಢಶಾಲೆಗೆ ತಲುಪಿಸಿದವು ಮಾತ್ರವಲ್ಲ, ದಿನಕ್ಕೆ ಹಲವು ಮೈಲಿ ತುಳಿಸಿ ಯಾವ ಪಾಠಪಟ್ಟಿಯೂ ಮಾಡದಷ್ಟು ವ್ಯಾಯಾಮವನ್ನೂ ಮಾಡಿಸಿದವು; ಅದನ್ನು ಯಾರೂ ದೈಹಿಕ ಶಿಕ್ಷಣದ ಖಾತೆಗೆ ಬರೆಯಲಿಲ್ಲ.

ಹೊಟ್ಟೆಯ ಮಾತನ್ನು ಬಿಟ್ಟು ಶರೀರದ ಶಿಕ್ಷಣವಿಲ್ಲ. ಅಕ್ಷರ ದಾಸೋಹವೆಂಬ ಬಿಸಿಯೂಟದ ಯೋಜನೆಯು 2002ರಲ್ಲಿ ಮೊದಲು ಜಾರಿಗೆ ಬಂದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕ್ಷೀರಭಾಗ್ಯದ ಹಾಲು 2013ರ ಆಗಸ್ಟಿನಲ್ಲಿ ಬಂತು. 2021ರ ಡಿಸೆಂಬರಿನಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿದ ಜಿಲ್ಲೆಗಳಲ್ಲಿಯೂ ಇದು ಸೇರಿತ್ತು. ರಕ್ತಹೀನತೆಯೂ ಕೃಶತೆಯೂ ವ್ಯಾಪಕವಾಗಿರುವ ಜಿಲ್ಲೆಯಲ್ಲಿ ಮಕ್ಕಳನ್ನು ಬಿಸಿಲಿನಲ್ಲಿ ಓಡಿಸುವ ಮೊದಲು ಅವರು ಬೆಳಿಗ್ಗೆ ಏನು ತಿಂದು ಬಂದರೆಂದು ಕೇಳುವ ಮಾಸ್ತರನೇ ತನ್ನ ವಿದ್ಯೆಯನ್ನು ಬಲ್ಲವನು. ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಹಲ್ಲು, ಮೂಳೆ, ಕೀಲುಗಳನ್ನು ಬಾಧಿಸುವುದರಿಂದ ಆ ಪ್ರಶ್ನೆಗೆ ನೀರನ್ನೂ ಸೇರಿಸಿಕೊಳ್ಳಬೇಕು.

ಸಲಕರಣೆಗಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ ರೂ. 5,000, ಹಿರಿಯ ಪ್ರಾಥಮಿಕಕ್ಕೆ ರೂ. 10,000, ಪ್ರೌಢಶಾಲೆಗೆ ರೂ. 25,000ದವರೆಗೆ ಅನುದಾನವುಂಟು. ಬಂದ ಚೆಂಡು, ಸ್ಕಿಪ್ಪಿಂಗ್ ಹಗ್ಗ, ರಿಂಗುಗಳು ಕಳೆದುಹೋದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಮುಖ್ಯಗುರುಗಳ ಕೋಣೆಯ ಕಪಾಟಿನಲ್ಲಿ ಭದ್ರವಾಗಿ ಉಳಿಯುವುದೂ ವಿರಳವಲ್ಲ. ವಸತಿಶಾಲೆಗಳದು ಬೇರೆ ಕಥೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳ ಮಕ್ಕಳಿಗೆ ಮುಂಜಾವೂ ಸಂಜೆಯೂ ಕೈಯಲ್ಲಿರುವುದರಿಂದ, ಹೊತ್ತಿಗೆ ಸರಿಯಾದ ಊಟವಿರುವುದರಿಂದ, ಗುಳೆಯ ಚಿಂತೆಯಿಲ್ಲದಿರುವುದರಿಂದ ತಾಲ್ಲೂಕು ಕೂಟಗಳಲ್ಲಿ ಅವರದು ಮೇಲುಗೈಯಾಗುವುದು ಸಹಜ. ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದ ಬೇಸಾಯಗಾರರ ಮಕ್ಕಳೂ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಪುನರ್ವಸತಿ ಪಡೆದವರ ಮಕ್ಕಳೂ ಕನ್ನಡದ ಮಕ್ಕಳೊಡನೆ ಬೆರೆಯುವುದಕ್ಕೆ ಶಾಲೆಯ ಅಂಗಳವು ಒಂದು ಮುಖ್ಯ ಸ್ಥಳ. ಕಬಡ್ಡಿಯ ಗೆರೆಯಾಚೆಗಿನ ಎದುರಾಳಿಯನ್ನು ಹಿಡಿಯುವುದಕ್ಕೆ ಭಾಷೆಯ ಸಾಮರಸ್ಯ ಬೇಕಾಗುವುದಿಲ್ಲ.

ಮಸ್ಕಿಯು 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಬಂಡೆಶಾಸನದಿಂದ ಚರಿತ್ರೆಯಲ್ಲಿ ಪ್ರಖ್ಯಾತವಾದರೂ ತಾಲ್ಲೂಕು ಕೇಂದ್ರವಾಗಿ ಹೊಸದು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ಅದೂ ಒಂದಾಗಿ, ಲಿಂಗಸುಗೂರು, ಸಿಂಧನೂರು, ಮಾನ್ವಿ ಈ ಮೂರೂ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿಕೊಂಡು ರಚಿತವಾಯಿತು. ಸಂತೆಕೆಲ್ಲೂರಿನವರು ಲಿಂಗಸುಗೂರಿನ ಕೂಟಕ್ಕೂ, ಪಾಮನಕಲ್ಲೂರಿನವರು ಮಾನ್ವಿಯ ಕೂಟಕ್ಕೂ ಹೋಗಿಬರುತ್ತಿದ್ದ ಕಾಲದ ಗೆಳೆತನ, ಪೈಪೋಟಿಗಳು ಆ ತಾಲ್ಲೂಕಿನ ಶಾಲೆಗಳಿಗೆ ಬಳುವಳಿಯಾಗಿ ಬಂದಿವೆ. ಹೊಸ ತಾಲ್ಲೂಕಿಗೆ ಕಚೇರಿಗಳು ಒಂದೊಂದಾಗಿ ಬರುವಾಗ ಕಂದಾಯದ್ದು ಮೊದಲು, ಕ್ರೀಡಾಂಗಣದ್ದು ಕೊನೆಗೆ ಎಂಬ ಅನುಕ್ರಮ ರಾಜ್ಯದ ಎಲ್ಲೆಡೆಯೂ ಕಂಡದ್ದೇ. ಊರಿನ ನೆಲದ ಬೆಲೆ ಹೆದ್ದಾರಿಯ ಬದಿಯಲ್ಲಿ ಏರುವುದಕ್ಕೆ ಮುನ್ನ ನಾಲ್ಕೈದು ಎಕರೆ ಮಸಾರಿ ನೆಲವನ್ನು ಗುರುತಿಸಿ ಶಾಲಾ ಮಕ್ಕಳ ಹೆಸರಿಗೆ ಕಾದಿರಿಸಿಕೊಳ್ಳುವ ಅವಕಾಶವು ಲಿಂಗಸುಗೂರು ಸಿಂಧನೂರುಗಳಿಗಿಂತ ಮಸ್ಕಿಗೆ ಹೆಚ್ಚಾಗಿ ಉಂಟು.